ಏಳು ಸಂಜೆಯ ಓದಿಗೆ ಕೈಜೋಡಿಸಿದ ಎಲ್ಲರಿಗೂ

ಡಿಸೆಂಬರ್ 26ರಂದು ನಡುವಿನ ಕಪ್ಪು ಮೇಣದಬತ್ತಿಯಿಂದ ಶುರುವಾದ ಕ್ವಾಂಜಾ ಹಬ್ಬದ ಓದು ಜನವರಿ 1ಕ್ಕೆ ಏಳೂ ಬತ್ತಿ ಬೆಳಗಿ ಮುಗಿಯಿತು. ಮೊದಲ ವಂದನೆ ಆಫ್ರಿಕನ್ ಅಮೆರಿಕನ್ ನೆರೆಹೊರೆಯವರಿಗೆ. ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆಯ ದಂಗೆಯ ಮರುವರ್ಷ, 1966ರಲ್ಲಿ, ಹೋರಾಟಗಾರ ಮೌಲಾನಾ ಕರೆಂಗಾ ರೂಪಿಸಿದ, ದಿನಕ್ಕೊಂದು ತತ್ವದಂತೆ ಏಳು ದಿನದ ಈ ಹಬ್ಬ ನಿಮ್ಮದು. ಕನ್ನಡದ ಮನೆಗಳ ಮಕ್ಕಳನ್ನೂ ಚಾಪೆಯ ಹತ್ತಿರ ಕೂರಿಸಿಕೊಂಡಿರಿ.

ಗ್ರಂಥಾಲಯದ ಮಕ್ಕಳ ವಿಭಾಗದವರಿಗೆ ನಾವು ಋಣಿ. ಡಿಸೆಂಬರ್ ಬಂತೆಂದರೆ ಈ ಹಬ್ಬದ ಪುಸ್ತಕಗಳು ಕಪಾಟಿನಲ್ಲಿ ನಿಲ್ಲುವುದಿಲ್ಲ, ನವೆಂಬರಿನಲ್ಲೇ ಕಾದಿರಿಸಿ ಎಂದಿರಿ. ಅದಕ್ಕಿಂತ ದೊಡ್ಡ ಉಪಕಾರ, ಪುಸ್ತಕವನ್ನು ಹಬ್ಬದ ಹೆಸರು ನೋಡಿ ಅಲ್ಲ, ಆ ದಿನದ ತತ್ವ ನೋಡಿ ಆರಿಸಲು ಕಲಿಸಿದ್ದು. ಹಬ್ಬವನ್ನು ವಿವರಿಸುವ ಪುಸ್ತಕ ಒಂದು ಸಾಕು. ಏಳು ದಿನವೂ ಅದೇ ಬಗೆಯದನ್ನು ಓದಿದರೆ ಕಿನಾರಾ ಎಂದರೆ ಬತ್ತಿಗಳ ಕಂಬ, ಮ್ಕೇಕಾ ಎಂದರೆ ಚಾಪೆ ಎಂಬುದೇ ಮರಳಿ ಮರಳಿ ಬಂದು, ಮೂರನೇ ಸಂಜೆಗೆ ಮಕ್ಕಳು ಆಕಳಿಸುತ್ತಾರೆ.

ಆಂಜೆಲಾ ಶೆಲ್ಫ್ ಮೆಡಿಯರಿಸ್ ಅವರ ‘ಸೆವೆನ್ ಸ್ಪೂಲ್ಸ್ ಆಫ್ ಥ್ರೆಡ್’ ಅನ್ನು ಮೊದಲ ದಿನ ಉಮೋಜಾಕ್ಕೆ, ಅಂದರೆ ಒಗ್ಗಟ್ಟಿಗೆ, ಓದಿದವರಿಗೆ ವಿಶೇಷ ವಂದನೆ. ಘಾನಾದ ಏಳು ಮಂದಿ ಜಗಳಗಂಟ ಅಣ್ಣತಮ್ಮಂದಿರು ಏಳು ರೀಲು ರೇಷ್ಮೆ ನೂಲಿನಿಂದ ಚಿನ್ನ ಗಳಿಸಬೇಕಾದ ಕಥೆ ಅದು. ಏಳೂ ತತ್ವ ಅದರೊಳಗೇ ಇವೆ. ಆದ್ದರಿಂದ ಕೊನೆಯ ದಿನ ಮತ್ತೊಮ್ಮೆ ಓದಿ, ಯಾವ ಪುಟದಲ್ಲಿ ಯಾವ ತತ್ವ ಎಂದು ಮಕ್ಕಳನ್ನೇ ಕೇಳಬೇಕು.

ಮೂರನೇ ಮತ್ತು ನಾಲ್ಕನೇ ದಿನ ಎಡವುವವರೇ ಹೆಚ್ಚು. ಉಜೀಮಾ ಎಂದರೆ ಕೂಡಿ ದುಡಿಯುವುದು, ಹೊಣೆ ಹಂಚಿಕೊಳ್ಳುವುದು. ಉಜಾಮಾ ಎಂದರೆ ಸಹಕಾರದ ಅರ್ಥವ್ಯವಸ್ಥೆ. ಹೆಸರು ಹತ್ತಿರವಿದ್ದ ಮಾತ್ರಕ್ಕೆ ಎರಡಕ್ಕೂ ಒಂದೇ ಕಥೆ ಹೊಂದುವುದಿಲ್ಲ: ಎರಡನೆಯದರಲ್ಲಿ ಅಂಗಡಿ, ಹಣ, ಲಾಭದ ಪಾಲು ಕಾಣಿಸಬೇಕು. ಆ ದಿನಕ್ಕೆ ಕಪ್ಪು ಜನರ ಒಡೆತನದ ಮಳಿಗೆಯಿಂದಲೇ ಪುಸ್ತಕ ಕೊಂಡವರು ತತ್ವವನ್ನು ಆಚರಿಸಿಯೇ ತೋರಿಸಿದಿರಿ. ಕ್ಯಾಲಿಫೋರ್ನಿಯಾದ ಮಾರ್ಕಸ್ ಬುಕ್ಸ್ 1960ರಿಂದ, ನ್ಯೂಜೆರ್ಸಿಯ ಹಡ್ಸನ್ ದಂಪತಿಯ ಜಸ್ಟ್ ಅಸ್ ಬುಕ್ಸ್ ಪ್ರಕಾಶನ 1988ರಿಂದ ಈ ಕೆಲಸದಲ್ಲಿವೆ. ಇಂಥವರು ಇಲ್ಲದಿದ್ದರೆ ನಮ್ಮ ಕೈಗೆ ಇಷ್ಟು ಪುಸ್ತಕ ಸಿಗುತ್ತಿರಲಿಲ್ಲ.

ಕುಊಂಬಾ, ಸೃಜನಶೀಲತೆಯ ದಿನ, ಡಿಸೆಂಬರ್ 31. ಅಂದೇ ಕರಾಮು ಎಂಬ ಹಬ್ಬದೂಟ. ಊಟಕ್ಕೆ ಮುಂಚೆ ಓದಬೇಕು, ಆಮೇಲೆ ಯಾರೂ ಕೂರುವುದಿಲ್ಲ. ಪುಟಗುರುತು ನೇಯಲು ನೂಲು ಕತ್ತರಿಸಿಟ್ಟ ಅಜ್ಜಿಯಂದಿರಿಗೆ ನಮಸ್ಕಾರ. ಒಂದಕ್ಕೆ ನಾಲ್ಕು ಸ್ಟ್ರಾ ತುಂಡು, 40 ಸೆಂಟಿಮೀಟರಿನ ನಾಲ್ಕು ಹಾಸುನೂಲು. ನೂಲನ್ನು ಸ್ಟ್ರಾದೊಳಗೆ ತೂರಿಸಿ ಮೇಲ್ತುದಿಯನ್ನು ಟೇಪಿನಿಂದ ಅಂಟಿಸಿ, ಕೆಳತುದಿಗಳನ್ನು ಒಟ್ಟಿಗೆ ಗಂಟು ಹಾಕಿ. ಕಪ್ಪು, ಕೆಂಪು, ಹಸಿರು ಹೊಕ್ಕುನೂಲನ್ನು ಒಂದರ ಮೇಲೆ, ಒಂದರ ಕೆಳಗೆ ಹಾಯಿಸುತ್ತ ನೆಯ್ಗೆಯನ್ನು ಕೆಳಕ್ಕೆ ಸರಿಸಬೇಕು. ಬಿಗಿಯಾಗಿ ಎಳೆದರೆ ಸ್ಟ್ರಾಗಳು ಒಂದಕ್ಕೊಂದು ಅಂಟಿ ಪಟ್ಟಿ ನಡುವೆ ಸೊರಗುತ್ತದೆ.

ಬತ್ತಿಗಳ ಲೆಕ್ಕ ನೋಡಿಕೊಂಡವರಿಗೂ ವಂದನೆ. ದಿನಕ್ಕೊಂದು ಹೊಸದು, ಜೊತೆಗೆ ಹಿಂದಿನವೆಲ್ಲ ಮತ್ತೆ ಬೆಳಗಬೇಕು. ಕಪ್ಪು ಬತ್ತಿ ಏಳೂ ಸಂಜೆ ಉರಿಯುತ್ತದೆ, ಕೊನೆಯದು ಒಂದೇ ಸಂಜೆ. ಎಲ್ಲವೂ ಒಂದೇ ಗಾತ್ರದವಾದರೆ ಕಪ್ಪು ಮೊದಲು ಕರಗಿಹೋಗುತ್ತದೆ. ಓದು ಮುಗಿದೊಡನೆ ನಂದಿಸಿದ್ದರಿಂದ ಉಳಿಯಿತು.

ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟವರೇ, ಹಬ್ಬದ ಈ ಪದಗಳು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯವು, ಸ್ವರದಲ್ಲೇ ಮುಗಿಯುವುದರಿಂದ ಮಕ್ಕಳ ಬಾಯಿಗೆ ಎಷ್ಟು ಸಲೀಸಾಗಿ ಬಂದವು! ‘ಹಬಾರಿ ಗಾನಿ?’ (ಏನು ಸುದ್ದಿ?) ಎಂದು ಕೇಳಿದರೆ ಆ ದಿನದ ತತ್ವವಾದ ‘ಇಮಾನಿ!’ ಎಂಬ ಉತ್ತರ ಕೊನೆಯ ದಿನ ತಟ್ಟನೆ ಬಂತು. ಅಂದು ಗ್ರಂಥಾಲಯಕ್ಕೆ ರಜೆ. ನಂಬಿಕೆಯ ಆ ದಿನಕ್ಕೆ ವರ್ಜಿನಿಯಾ ಹ್ಯಾಮಿಲ್ಟನ್ ಅವರ ‘ದಿ ಪೀಪಲ್ ಕುಡ್ ಫ್ಲೈ’ ಅನ್ನು ಮುಂಚೆಯೇ ಮನೆಗೆ ತಂದಿಟ್ಟಿದ್ದರಿಂದ ಓದು ನಿಲ್ಲಲಿಲ್ಲ.

ಎರವಲು ತಂದ ಪುಸ್ತಕಗಳನ್ನು ದಯವಿಟ್ಟು ಈ ವಾರವೇ ಹಿಂದಿರುಗಿಸಿ. ಸರತಿಯಲ್ಲಿ ಇನ್ನೂ ಮಕ್ಕಳಿದ್ದಾರೆ.