ಚುನಾವಣೆಗೆ ನಿಲ್ಲುವ ಮುಂಚೆ ದುಡ್ಡಿನ ದಾರಿ ನೋಡು

ಸೋಮವಾರಪೇಟೆ

ಪ್ರೀತಿಯ ಪುಟ್ಟಿಗೆ,

ನಿನ್ನ ದೊಡ್ಡಮ್ಮನ ಆಶೀರ್ವಾದಗಳು. ನಾವೆಲ್ಲ ಚೆನ್ನಾಗಿದ್ದೇವೆ. ಕಾಫಿ ಹೂ ಅರಳಿಸುವ ಹೂಮಳೆ ಈ ಸಲ ಹೊತ್ತಿಗೆ ಸರಿಯಾಗಿ ಬಂತು. ಸ್ಪ್ರಿಂಕ್ಲರ್‌ಗೆ ಹಾಕುವ ಡೀಸೆಲ್ ದುಡ್ಡು ಉಳಿಯಿತು ಅಂತ ನಿನ್ನ ದೊಡ್ಡಪ್ಪ ಖುಷಿಯಲ್ಲಿದ್ದಾರೆ.

ನೀನು ಗ್ರಾಮ ಪಂಚಾಯಿತಿಗೆ ನಿಲ್ಲುತ್ತೀಯಂತೆ, ನಿನ್ನ ಅಮ್ಮ ಹೇಳಿದಳು. ಬೇಡ ಅನ್ನುವವಳು ನಾನಲ್ಲ. ನಿಲ್ಲು. ಆದರೆ ನೀನು ವಾಟ್ಸಾಪಲ್ಲಿ ಕಳಿಸಿದ ಭಾಷಣ ಓದಿ ಸುಮ್ನಿರೋಕೆ ಆಗಲಿಲ್ಲ. ‘ಕೊಡಗಿನ ತೆರಿಗೆ ಕೊಡಗಿಗೇ ಸಿಗಲಿ, ಮೊದಲಿನ ಹಾಗೆ ನಮ್ಮದೇ ಸರ್ಕಾರ ಇದ್ದರೆ ಯಾರ ಮುಂದೆಯೂ ಕೈ ಚಾಚಬೇಕಿಲ್ಲ’ ಅಂತ ಬರೆದಿದ್ದೀಯ. ಚಪ್ಪಾಳೆ ಬೀಳುತ್ತೆ, ಅದು ನಿಜ. ಜಿಲ್ಲಾ ಪಂಚಾಯಿತಿಯ ಲೆಕ್ಕಪತ್ರ ಶಾಖೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ನನಗೆ ಚಪ್ಪಾಳೆಗಿಂತ ಮುಂಚೆ ಜಮಾ-ಖರ್ಚು ಕಾಣುತ್ತೆ.

ಕೊಡಗು ಒಂದು ರಾಜ್ಯವಾಗಿತ್ತು, ಸರಿ. 1952ರ ಚುನಾವಣೆಯಲ್ಲಿ 24 ಜನರ ವಿಧಾನಸಭೆ ಆರಿಸಿ ಬಂತು, ಸಿ. ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯದ ಜೊತೆ ಸೇರಿತು. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಅಂದರೆ, ಅದು ‘ಸಿ’ ದರ್ಜೆಯ ರಾಜ್ಯ. ಮೇಲೆ ಕೇಂದ್ರ ನೇಮಿಸಿದ ಚೀಫ್ ಕಮಿಷನರ್. ನಮ್ಮ ವಿಧಾನಸಭೆ ಪಾಸ್ ಮಾಡಿದ ಮಸೂದೆ ಕಾಯ್ದೆ ಆಗಬೇಕಾದರೆ ರಾಷ್ಟ್ರಪತಿಯ ಒಪ್ಪಿಗೆ ಬೇಕಿತ್ತು.

ದುಡ್ಡಿನ ವಿಷಯ ಇನ್ನೂ ಬಿಗಿ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಎಷ್ಟು ಅಂತ ಹೇಳುವುದು ಹಣಕಾಸು ಆಯೋಗ. ಕೆ. ಸಿ. ನಿಯೋಗಿ ಅಧ್ಯಕ್ಷರಾಗಿದ್ದ ಮೊದಲ ಹಣಕಾಸು ಆಯೋಗ ಆದಾಯ ತೆರಿಗೆಯ 55 ಪರ್ಸೆಂಟ್ ರಾಜ್ಯಗಳಿಗೆ ಹಂಚಿ ಅಂತ ಹೇಳಿತು. ಆ ಹಂಚಿಕೆ ‘ಎ’ ಮತ್ತು ‘ಬಿ’ ದರ್ಜೆಯ ರಾಜ್ಯಗಳಿಗೆ ಮಾತ್ರ. ‘ಸಿ’ ದರ್ಜೆಯವರ ಲೆಕ್ಕಕ್ಕೆ ಬರುವ ಪಾಲನ್ನು ಕೇಂದ್ರವೇ ಇಟ್ಟುಕೊಳ್ಳಬೇಕು ಅಂತ ಸಂವಿಧಾನದಲ್ಲೇ ಬರೆದಿತ್ತು. ನಮಗೆ ಸಿಗುತ್ತಿದ್ದದ್ದು ಕೇಂದ್ರ ಕೊಡುವ ಸಹಾಯಧನ. ಆಸ್ತಿಯಲ್ಲಿ ಪಾಲು ಇರುವುದಕ್ಕೂ ಹಬ್ಬಕ್ಕೆ ಅಣ್ಣ ಕೈಯಲ್ಲಿ ಇಡುವ ದುಡ್ಡಿಗೂ ಇರುವ ವ್ಯತ್ಯಾಸ ನಿನಗೆ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಅಣ್ಣ ಧಾರಾಳಿಯೇ ಇರಬಹುದು. ಆದರೂ ಎಷ್ಟು ಅಂತ ಹೇಳುವವನು ಅವನೇ.

ಇದು ಹಳೇ ಕಥೆ ಅನ್ನಬೇಡ. ಪುದುಚೇರಿಗೆ ಇವತ್ತೂ ವಿಧಾನಸಭೆ ಇದೆ, ಮುಖ್ಯಮಂತ್ರಿ ಇದ್ದಾರೆ. ಹಣಕಾಸು ಆಯೋಗದ ಹಂಚಿಕೆಯಲ್ಲಿ ಮಾತ್ರ ಜಾಗ ಇಲ್ಲ, ಯಾಕಂದರೆ ಅದು ಕೇಂದ್ರಾಡಳಿತ ಪ್ರದೇಶ. ನಮ್ಮನ್ನೂ ಸೇರಿಸಿ ಅಂತ ಅವರು ಕೇಳುತ್ತಲೇ ಇದ್ದಾರೆ. ಜಮ್ಮು-ಕಾಶ್ಮೀರ 2019ರಲ್ಲಿ ರಾಜ್ಯದ ಸ್ಥಾನ ಕಳೆದುಕೊಂಡಾಗ ಹಂಚಿಕೆಯಿಂದಲೂ ಹೊರಗೆ ಬಿತ್ತು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಒಟ್ಟು ಪಾಲು 42ರಿಂದ 41 ಪರ್ಸೆಂಟ್‌ಗೆ ಇಳಿದದ್ದು ಅದೇ ಕಾರಣಕ್ಕೆ. 2011ರ ಜನಗಣತಿಯಲ್ಲಿ ಪುದುಚೇರಿ ಜನ 12 ಲಕ್ಷದ ಮೇಲೆ. ಕೊಡಗು ಐದೂವರೆ ಲಕ್ಷ. ನಮ್ಮದೇ ಸರ್ಕಾರ ಅನ್ನುವವರನ್ನು ಮೊದಲು ಇದನ್ನೇ ಕೇಳು: ಪಾಲು ಸಿಗುತ್ತಾ, ಇಲ್ಲಾ ಸಹಾಯಧನವಾ? ಉತ್ತರ ಕೊಡುವವರು ಸಿಕ್ಕರೆ ನನಗೂ ಹೇಳು.

ಈಗ ‘ಕೊಡಗಿನ ತೆರಿಗೆ’ ಅನ್ನುವ ಮಾತಿಗೆ ಬರೋಣ. ನಮ್ಮ ಕಾಫಿ ಇಲ್ಲಿ ಕೊಯ್ಯುತ್ತೇವೆ, ಇಲ್ಲೇ ಕಣದಲ್ಲಿ ಒಣಗಿಸುತ್ತೇವೆ. ಸಿಪ್ಪೆ ತೆಗೆದು ಬೀಜ ಹದಮಾಡುವ ಕ್ಯೂರಿಂಗ್ ಹುಣಸೂರಿನಲ್ಲಿ ಆಗಬಹುದು, ಹಡಗು ಹತ್ತುವುದು ಮಂಗಳೂರಿನಲ್ಲೋ ಕೊಚ್ಚಿಯಲ್ಲೋ, ಕಂಪನಿ ರಿಟರ್ನ್ ಹಾಕುವುದು ಬೆಂಗಳೂರಿನಲ್ಲಿ. ಇನ್ನು ಜಿಎಸ್‌ಟಿ. 2017ರಿಂದ ರಾಜ್ಯದ ಭಾಗ ಹೋಗುವುದು ಸರಕು ಎಲ್ಲಿ ಬಳಕೆಯಾಗುತ್ತದೋ ಅಲ್ಲಿಗೆ. ಚೆನ್ನೈಯಲ್ಲಿ ಒಬ್ಬರು ನಮ್ಮ ಕಾಫಿಪುಡಿ ಕೊಂಡರೆ ಆ ಭಾಗ ತಮಿಳುನಾಡಿಗೆ. ಇದರಲ್ಲಿ ಕೊಡಗಿನದು ಇಷ್ಟು ಅಂತ ಯಾವ ಲೆಕ್ಕಿಗನೂ ಗೆರೆ ಎಳೆದು ತೋರಿಸಲಾರ.

ಇನ್ನೊಂದು. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಮಂತ್ರಿಗಳು ದೆಹಲಿ ಜಂತರ್ ಮಂತರ್‌ನಲ್ಲಿ ‘ನನ್ನ ತೆರಿಗೆ ನನ್ನ ಹಕ್ಕು’ ಅಂತ ಕೂತಿದ್ದರಲ್ಲ, ಆ ದೂರಿನಲ್ಲಿ ಹುರುಳಿದೆ. ರಾಜ್ಯಗಳಿಗೆ ಹಂಚುವ ದುಡ್ಡಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ 4.713 ಪರ್ಸೆಂಟ್ ಇತ್ತು. 15ನೇ ಆಯೋಗದಲ್ಲಿ 3.647ಕ್ಕೆ ಬಂತು. ಆ ಹಂಚಿಕೆಯ ಸೂತ್ರದಲ್ಲಿ 100ಕ್ಕೆ 45 ಅಂಕ ತಲಾ ಆದಾಯದ ಅಂತರಕ್ಕೆ. ಶ್ರೀಮಂತ ರಾಜ್ಯಕ್ಕಿಂತ ಎಷ್ಟು ಹಿಂದಿದ್ದೀಯೋ ಅಷ್ಟು ಜಾಸ್ತಿ ಪಾಲು. ನಾವು ಮುಂದಿದ್ದೇವೆ, ಅದಕ್ಕೇ ಕಡಿಮೆ. ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಅಂತ ಕೇಂದ್ರ ಹಾಕುವುದನ್ನು ರಾಜ್ಯಗಳಿಗೆ ಹಂಚುವ ಹಾಗೇ ಇಲ್ಲ. ಪೆಟ್ರೋಲ್ ಬಂಕಲ್ಲಿ ನೀನು ಕೊಡುವ ಕೇಂದ್ರದ ತೆರಿಗೆಯಲ್ಲಿ ಹೆಚ್ಚಿನ ಭಾಗ ಆ ಜಾತಿಯದೇ. 41 ಪರ್ಸೆಂಟ್ ಅನ್ನುವುದು ಕಾಗದದ ಮೇಲಿನ ಮಾತು ಅಂತ ನಾನು ಅನ್ನುವುದು ಇದಕ್ಕೇ. ಈ ವಿಷಯದಲ್ಲಿ ನಾನು ನಿನ್ನ ಪಕ್ಷವೇ.

ಆದರೆ ಯೋಚನೆ ಮಾಡು. ನಾವು ದೆಹಲಿಗೆ ಹೇಳುವ ಮಾತನ್ನೇ ಬೆಂಗಳೂರಿನವರು ನಮಗೆ ಹೇಳಿದರೆ? ರಾಜ್ಯದ ಖಜಾನೆಗೆ ಜಾಸ್ತಿ ತುಂಬುವವರು ಅವರು. ‘ನಮ್ಮ ತೆರಿಗೆ ನಮಗೆ, ನಿಮ್ಮ ಘಾಟಿ ರಸ್ತೆ ನೀವೇ ಮಾಡಿಕೊಳ್ಳಿ’ ಅಂದುಬಿಟ್ಟರೆ ಮಡಿಕೇರಿ ಗುಡ್ಡ 2018ರಲ್ಲಿ ಜಾರಿದ ಹಾಗೆ ಇನ್ನೊಮ್ಮೆ ಜಾರಿದಾಗ ಯಾರ ದುಡ್ಡಲ್ಲಿ ತಡೆಗೋಡೆ ಕಟ್ಟುತ್ತೀಯ? ಆದ್ದರಿಂದ ಆ ಘೋಷಣೆ ಬಾಯಿಗೆ ಹಾಕಿಕೊಳ್ಳಬೇಡ. ನಮ್ಮ ಬಲ ಬೇರೆ ಕಡೆ ಇದೆ. ಅದೇ ಸೂತ್ರದಲ್ಲಿ ಕಾಡಿಗೆ 10 ಅಂಕ. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಎಲ್ಲ ಸೇರಿ ರಾಜ್ಯಕ್ಕೆ ಆ ಅಂಕ ತಂದುಕೊಡುವ ಜಿಲ್ಲೆಗಳಲ್ಲಿ ನಮ್ಮದೊಂದು. ಆ ಕಾಡಿನಿಂದಲೇ ಆನೆ ಬಂದು ನಮ್ಮ ತೋಟ ತುಳಿಯುವುದು. ಕಾಡಿನ ಲೆಕ್ಕದಲ್ಲಿ ಬಂದ ದುಡ್ಡಲ್ಲಿ ಕಾಡಂಚಿನ ಪಂಚಾಯಿತಿಗೆ ಎಷ್ಟು ಅಂತ ಕೇಳು. ಕೇಳಬೇಕಾದ ಜಾಗ ದೆಹಲಿ ಅಲ್ಲ. ರಾಜ್ಯದ ದುಡ್ಡನ್ನು ಪಂಚಾಯಿತಿ, ಪುರಸಭೆಗಳಿಗೆ ಹೇಗೆ ಹಂಚಬೇಕು ಅಂತ ಹೇಳಲು ರಾಜ್ಯ ಹಣಕಾಸು ಆಯೋಗ ಅಂತ ಬೇರೆಯೇ ಇದೆ. ಐದನೆಯದಕ್ಕೆ ಸಿ. ನಾರಾಯಣಸ್ವಾಮಿ ಅಧ್ಯಕ್ಷರಾಗಿ ನೇಮಕವಾದರು. ಇಂಥ ಆಯೋಗದ ಮುಂದೆ ಅರ್ಜಿ ಹಿಡಿದು ನಿಲ್ಲುವ ಪಂಚಾಯಿತಿ ಸದಸ್ಯರನ್ನು ನಾನು ಹೆಚ್ಚು ಕಂಡಿಲ್ಲ. ದೆಹಲಿಯನ್ನು ಬೈಯುವುದು ಸುಲಭ ನೋಡು, ಉತ್ತರ ಬರುವುದಿಲ್ಲ.

ಇನ್ನು ನೀನು ಗೆದ್ದರೆ ನಿನ್ನ ಕೈಗೆ ಬರುವ ದುಡ್ಡು. 15ನೇ ಹಣಕಾಸು ಅಂತ ಎಲ್ಲರೂ ಅನ್ನುವ ಕೇಂದ್ರದ ಅನುದಾನವನ್ನೇ ತೆಗೆದುಕೋ. 2026ರ ಮಾರ್ಚ್‌ವರೆಗಿನ ಆ ಲೆಕ್ಕದಲ್ಲಿ 100 ರೂಪಾಯಿ ಬಂದರೆ 60 ರೂಪಾಯಿ ಮೊದಲೇ ಕಟ್ಟಿಹಾಕಿದ್ದು. ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಇನ್ನರ್ಧ ನೈರ್ಮಲ್ಯಕ್ಕೆ. ಉಳಿದ 40ರಲ್ಲಿ ಊರಿಗೆ ಬೇಕಾದ್ದು ಮಾಡಬಹುದಿತ್ತು, ಸಂಬಳ ಮತ್ತು ಆಫೀಸಿನ ಖರ್ಚು ಬಿಟ್ಟು.

ನಾನು ಸರ್ವಿಸಲ್ಲಿದ್ದಾಗ ಒಬ್ಬ ಅಧ್ಯಕ್ಷೆ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ನನ್ನ ಮೇಜಿನ ಮುಂದೆ ನಿಂತಿದ್ದರು. ಮಳೆಗೆ ಮೋರಿ ಕೊಚ್ಚಿಹೋಗಿತ್ತು. ಆಚೆ ಕಡೆಯ ಲೈನ್‌ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯ ಮಕ್ಕಳು ಶಾಲೆಗೆ ತೋಟದ ಒಳಗೆ ಸುತ್ತಿ ಹೋಗುತ್ತಿದ್ದರು. ‘ಖಾತೆಯಲ್ಲಿ ದುಡ್ಡಿದೆ ಮೇಡಂ, ಪಿಡಿಒ ಮುಟ್ಟಲು ಬಿಡುತ್ತಿಲ್ಲ’ ಅಂದರು. ದುಡ್ಡು ಇತ್ತು, ನಿಜ. ಪೂರ್ತಿ ನೈರ್ಮಲ್ಯದ್ದು. 40ರ ಭಾಗ ಆಗಲೇ ಬೀದಿದೀಪಕ್ಕೂ ಬಸ್ ತಂಗುದಾಣಕ್ಕೂ ಮುಗಿದಿತ್ತು. ಯಾವ ಕೆಲಸಕ್ಕೆ ಎಷ್ಟು ಅಂತ ಬರೆದ ಆ ಕ್ರಿಯಾ ಯೋಜನೆಗೆ ಸಹಿ ಹಾಕಿದವರು ಅವರೇ. ತಂಗುದಾಣದ ಮೇಲೆ ಒಬ್ಬರ ಹೆಸರು ದೊಡ್ಡದಾಗಿ ಬರೆಸಿದ್ದರು. ಅದು ಬೇರೆ ಕಥೆ ಬಿಡು. ಮೋರಿಗೆ ಪಂಚಾಯಿತಿಯ ಸ್ವಂತ ದುಡ್ಡು ಇರಬೇಕಿತ್ತು. ತೆಗೆದು ನೋಡಿದರೆ ಮನೆ ಕಂದಾಯ ಅರ್ಧವೂ ವಸೂಲಾಗಿರಲಿಲ್ಲ. ಬಾಕಿ ಪಟ್ಟಿಯಲ್ಲಿ ಬಡವರಿಗಿಂತ ಹೋಂಸ್ಟೇಯವರೇ ಜಾಸ್ತಿ ಇದ್ದರು.

ಪುಟ್ಟಿ, ಮೇಲಿಂದ ಬರುವ ದುಡ್ಡಿಗೆ ಮೇಲಿನವರ ಷರತ್ತು ಇದ್ದೇ ಇರುತ್ತೆ. ಷರತ್ತು ಕಡಿಮೆ ಇರುವ ದುಡ್ಡು ಅಂದರೆ ನೀನೇ ವಸೂಲಿ ಮಾಡಿದ್ದು. ಅದನ್ನು ಯಾವುದಕ್ಕೆ ಹಾಕಬೇಕು ಅಂತ ಹೆಚ್ಚಾಗಿ ಪಂಚಾಯಿತಿ ಸಭೆಯೇ ತೀರ್ಮಾನಿಸುತ್ತೆ. ಎಸ್ಟೇಟ್ ಜಮೀನಿಗೆ ಪಂಚಾಯಿತಿ ತೆರಿಗೆ ಹಾಕುವ ಹಾಗಿಲ್ಲ. ಆದರೆ ಕಟ್ಟಡಗಳಿಗೆ ಹಾಕಬಹುದು. ನಿಮ್ಮ ಊರಲ್ಲಿ ಈಗ ಎಷ್ಟು ರೆಸಾರ್ಟ್ ಎದ್ದಿವೆ, ಅವುಗಳ ಅಳತೆ ಪಂಚಾಯಿತಿ ಪುಸ್ತಕದಲ್ಲಿ ಏನಂತ ಇದೆ, ಹೋಗಿ ನೋಡು. ಹತ್ತು ಕೋಣೆಯ ಕಟ್ಟಡ ‘ಹಂಚಿನ ಮನೆ’ ಅಂತ ದಾಖಲಾಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇದಕ್ಕೆ ಕೈ ಹಾಕಿದರೆ ನಿನಗೆ ವೋಟು ಕಡಿಮೆಯಾಗಬಹುದು. ನಿನ್ನ ಮಾವನ ಹೋಂಸ್ಟೇಯೂ ಬಾಕಿ ಪಟ್ಟಿಯಲ್ಲಿ ಇರಬಹುದು. ಹಾಗಿದ್ದರೆ ನಾಮಪತ್ರ ಹಾಕುವ ಮುಂಚೆ ಅದನ್ನು ಕಟ್ಟಿಸಿಬಿಡು.

ಭಾಷಣದಲ್ಲಿ ಜಿಲ್ಲಾ ಪಂಚಾಯಿತಿಯ ಅನುದಾನದ ಬಗ್ಗೆ ಒಂದು ಸಾಲು ಇದೆ, ಅದನ್ನು ತಿದ್ದು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು, ವರ್ಷಗಟ್ಟಲೆ ಚುನಾವಣೆ ಮಾಡದೆ ಆಡಳಿತಾಧಿಕಾರಿಗಳ ಕೈಗೆ ಕೊಟ್ಟರು. ಚುನಾಯಿತ ಸಭೆ ಇಲ್ಲದ ಕಡೆಗೆ ಕೇಂದ್ರ ಹಣಕಾಸು ಆಯೋಗದ ಅನುದಾನ ಇಲ್ಲ ಅಂತ ನಿಯಮ. ಅಲ್ಲಿ ತಪ್ಪಿದ ದುಡ್ಡಿಗೆ ಕೇಂದ್ರವನ್ನು ಬೈದರೆ ಆಗುತ್ತಾ?

16ನೇ ಆಯೋಗದ ಲೆಕ್ಕ 2026ರ ಏಪ್ರಿಲ್‌ನಿಂದ. ನಾನು ಬರೆದಿರುವ ಅಂಕಿಗಳಲ್ಲಿ ಕೆಲವು ಬದಲಾಗುತ್ತವೆ. ಭಾಷಣಕ್ಕೆ ಹಾಕುವ ಮುಂಚೆ ಹೊಸದನ್ನು ನೋಡಿಕೋ.

ಈ ಭಾನುವಾರ ಬಂದುಬಿಡು. ಬರುವಾಗ ಎರಡು ವರ್ಷದ ಕ್ರಿಯಾ ಯೋಜನೆಯ ನಕಲು ತಾ, ಪಂಚಾಯಿತಿ ಲೆಕ್ಕಗಳ ಸರ್ಕಾರಿ ವೆಬ್‌ಸೈಟ್ ಇ-ಗ್ರಾಮಸ್ವರಾಜ್‌ನಲ್ಲಿ ಸಿಗುತ್ತೆ. ಬಿಲ್ ಕಲೆಕ್ಟರ್ ಹತ್ತಿರ ಡಿಸಿಬಿ ವಹಿ, ಅಂದರೆ ಕಂದಾಯದ ಬೇಡಿಕೆ, ವಸೂಲಿ, ಬಾಕಿ ಬರೆದಿಡುವ ಪುಸ್ತಕ ಕೇಳು. ಕೊಡಲ್ಲ ಅಂದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು, ಹತ್ತು ರೂಪಾಯಿ ಅಷ್ಟೇ. ಅರ್ಜಿ ಬರೆಯುವುದು ಗೊತ್ತಾಗದಿದ್ದರೆ ಇಲ್ಲೇ ಕೂತು ಬರೆಯೋಣ. ಮಧ್ಯಾಹ್ನಕ್ಕೆ ಕಡುಬು ಮಾಡಿರುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ