ಗ್ಯಾರಿಕ್ ಪ್ರಾತ್ಯಕ್ಷಿಕೆ: ತೆರೆಮರೆಯವರಿಗೆ ನಮ್ಮ ವಂದನೆ

ಇಂಗ್ಲಿಷ್ ನಟ ಡೇವಿಡ್ ಗ್ಯಾರಿಕ್ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಕಡೆಯ ಸಲ ಬಣ್ಣ ಹಚ್ಚಿದ್ದು 1776ರ ಜೂನ್ 10ರಂದು. ಆ ವಿದಾಯಕ್ಕೆ 250 ವರ್ಷ ತುಂಬಿದ ನೆಪದಲ್ಲಿ ನಾವು ಏರ್ಪಡಿಸಿದ್ದ ಗ್ಯಾರಿಕ್ ಅಭಿನಯದ ಪ್ರಾತ್ಯಕ್ಷಿಕೆ ಚೆನ್ನಾಗಿ ನಡೆಯಿತು. ರಂಗದ ಮೇಲಿದ್ದವರಿಗೆ ಚಪ್ಪಾಳೆ ಅಂದೇ ಸಿಕ್ಕಿದೆ. ಈ ಮಾತು ತೆರೆಮರೆಯಲ್ಲಿ ದುಡಿದವರಿಗೆ.

ಮೊದಲ ವಂದನೆ ಬೆಳಕಿನವರಿಗೆ. 1765ರ ತನಕ ಡ್ರೂರಿ ಲೇನ್‌ನಲ್ಲಿ ಮೇಣದಬತ್ತಿ ಸಿಕ್ಕಿಸಿದ ದೊಡ್ಡ ಬಳೆಗಳು ರಂಗದ ಮೇಲೆಯೇ ತೂಗುತ್ತಿದ್ದವು; ಮೇಲಿನ ಗ್ಯಾಲರಿಯವರಿಗೆ ಅವೇ ಅಡ್ಡ. ಯುರೋಪ್ ಸುತ್ತಿ ಬಂದ ಗ್ಯಾರಿಕ್ ಅವನ್ನು ತೆಗೆಸಿ, ದೀಪಗಳನ್ನು ರಂಗದ ಪಕ್ಕದ ಮರೆಗಳಾದ ಸೈಡ್‌ವಿಂಗ್‌ಗಳ ಹಿಂದೆ ಪ್ರತಿಫಲಕಗಳ ಜೊತೆ ನಿಲ್ಲಿಸಿದರು. ಕಾರಣ ನಮ್ಮ ತಾಲೀಮಿನಲ್ಲೇ ಕಂಡಿತು. ಫುಟ್‌ಲೈಟ್ (ರಂಗದ ಮುಂಚಿನ ನೆಲದೀಪ) ಒಂದನ್ನೇ ಉರಿಸಿದರೆ ಮೂಗಿನ ನೆರಳು ಹಣೆಗೇರುತ್ತದೆ, ಮುಖಭಾವ ಕೆಡುತ್ತದೆ. ಎರಡೂ ಪಕ್ಕದಿಂದ ತಲೆಯ ಎತ್ತರಕ್ಕೆ ಹಳದಿ ಬೆಳಕು ಕೊಟ್ಟು, ಕೆಳಗಿನದನ್ನು ತಗ್ಗಿಸಿದಾಗ ಮಾತ್ರ ಕಣ್ಣು ಮಾತಾಡುತ್ತದೆ. ಪ್ರೇಕ್ಷಕರ ಕಡೆಯ ದೀಪ ಆರಿಸದಂತೆ ಹಟ ಹಿಡಿದವರೂ ನಮ್ಮ ಬೆಳಕಿನವರೇ. ಆ ಕಾಲದಲ್ಲಿ ಸಭಾಂಗಣ ಕತ್ತಲಾಗುತ್ತಲೇ ಇರಲಿಲ್ಲ.

ಶೇಕ್ಸ್‌ಪಿಯರ್ ನಾಟಕದ ಹ್ಯಾಮ್ಲೆಟ್ ತನ್ನ ತಂದೆಯ ಪ್ರೇತವನ್ನು ಕಾಣುವ ಗಳಿಗೆಯನ್ನು ತಿದ್ದಿದ ಹಿರಿಯರಿಗೆ ಎಷ್ಟು ಹೇಳಿದರೂ ಕಡಿಮೆ. ಗ್ಯಾರಿಕ್ ಅಭಿನಯ ಕಂಡ ಜರ್ಮನ್ ವಿದ್ವಾಂಸ ಲಿಖ್ಟನ್‌ಬರ್ಗ್ 1775ರ ಪತ್ರದಲ್ಲಿ ಅದನ್ನು ಅಂಗಾಂಗವಾಗಿ ಬರೆದಿಟ್ಟಿದ್ದಾರೆ: ಥಟ್ಟನೆ ತಿರುಗಿ, ಎರಡು ಮೂರು ಹೆಜ್ಜೆ ಹಿಂದೆ ತತ್ತರಿಸುವುದು, ಮಂಡಿ ಕುಸಿಯುವುದು, ಟೋಪಿ ಬೀಳುವುದು, ಎಡಗೈ ಪೂರ್ತಿ ಚಾಚಿ ತಲೆಯ ಮಟ್ಟಕ್ಕೆ, ಬಲಗೈ ಹೆಚ್ಚು ಮಡಿಸಿ ಕೆಳಗೆ, ಬೆರಳು ಬಿಡಿಬಿಡಿ, ಬಾಯಿ ತೆರೆದು. ಎರಡೂ ಕೈ ಒಂದೇ ಎತ್ತರಕ್ಕೆ ಹೋದರೆ ಅದು ನೃತ್ಯದ ಭಂಗಿಯಾಗುತ್ತದೆ. ಟೋಪಿಯನ್ನು ಎಸೆದಂತೆ ಕಂಡರಂತೂ ಭಯವೇ ಸುಳ್ಳಾಗುತ್ತದೆ. ಮೊದಲೇ ಸಡಿಲವಾಗಿ ಇಟ್ಟುಕೊಂಡು, ತಲೆ ಹಿಂದಕ್ಕೆ ಹೋದಾಗ ತಾನಾಗಿ ಜಾರಬೇಕು. ತಾಲೀಮಿನ ಬಹುಪಾಲು ಹೊತ್ತು ಇದೊಂದಕ್ಕೇ ಹೋಯಿತು, ಹೋಗಬೇಕಾದದ್ದೇ.

ನಿರೂಪಣೆಯ ಇಸವಿಗಳನ್ನು ತಾಳೆ ನೋಡಿದ ಓದುಗ ಮಿತ್ರರಿಗೂ ಋಣಿ. 1741ರ ಅಕ್ಟೋಬರ್ 19ರಂದು ಲಂಡನ್ನಿನ ಗುಡ್‌ಮನ್ಸ್ ಫೀಲ್ಡ್ಸ್‌ನಲ್ಲಿ ಶೇಕ್ಸ್‌ಪಿಯರ್ ನಾಟಕದ ಮೂರನೆಯ ರಿಚರ್ಡ್ ಆಗಿ ಬಂದ ಗ್ಯಾರಿಕ್ ಅವರನ್ನು ಕರಪತ್ರ 'ಹಿಂದೆಂದೂ ರಂಗವೇರದ ಸಜ್ಜನ' ಎಂದಿತ್ತು. ಅದು ನಿಜವಲ್ಲ, ಅದೇ ಬೇಸಿಗೆಯಲ್ಲಿ ಗ್ಯಾರಿಕ್ ಇಪ್ಸ್‌ವಿಚ್‌ನಲ್ಲಿ ಬೇರೆ ಹೆಸರಿನಲ್ಲಿ ನಟಿಸಿದ್ದರು. ಗುಡ್‌ಮನ್ಸ್ ಫೀಲ್ಡ್ಸ್ ರಂಗಮಂದಿರಕ್ಕೆ ನಾಟಕದ ಪರವಾನಗಿಯೂ ಇರಲಿಲ್ಲ. ಸಂಗೀತ ಕಛೇರಿಗೆ ಟಿಕೆಟ್ ಮಾರಿ, ನಡುವೆ ನಾಟಕವನ್ನು 'ಉಚಿತ'ವಾಗಿ ತೋರಿಸುತ್ತಿದ್ದರು. 1737ರ ನಾಟಕ ಪರವಾನಗಿ ಕಾಯ್ದೆಯಿಂದ ನುಣುಚಿಕೊಳ್ಳುವ ದಾರಿ ಅದು. ಈ ವಿವರ ಸೇರಿದ್ದರಿಂದಲೇ ನಿರೂಪಣೆಗೆ ಜೀವ ಬಂತು.

ಟಿಕೆಟ್ ಕೊಂಡವರಿಗೆ ಕೈಮುಗಿಯುತ್ತೇವೆ. ವಿದಾಯದ ರಾತ್ರಿ 'ದಿ ವಂಡರ್' ನಾಟಕದ ಡಾನ್ ಫೆಲಿಕ್ಸ್ ಪಾತ್ರ ಮಾಡಿದ ಗ್ಯಾರಿಕ್, ಅಂದಿನ ಗಳಿಕೆಯನ್ನು ಕೈಲಾಗದ ನಟರ ನಿಧಿಗೆ ಬಿಟ್ಟುಕೊಟ್ಟರು. ಅದೇ ಪ್ರಕಾರ ಖರ್ಚು ಕಳೆದು ಉಳಿದ ನಮ್ಮ ಹಣವೂ ವಯಸ್ಸಾದ ರಂಗಕಲಾವಿದರ ಔಷಧಿ ವೆಚ್ಚಕ್ಕೆ ಹೋಗಿದೆ. ಲೆಕ್ಕಪತ್ರ ಯಾರು ಬೇಕಾದರೂ ನೋಡಬಹುದು. ಬೆಳಕಿನ ನಕ್ಷೆ, ಹ್ಯಾಮ್ಲೆಟ್ ದೃಶ್ಯದ ಚಲನೆಯ ಟಿಪ್ಪಣಿ ಎರಡನ್ನೂ ಬೇರೆ ತಂಡಗಳು ಕೇಳಿದರೆ ಸಂತೋಷದಿಂದ ಕೊಡುತ್ತೇವೆ.