ನ್ಯಾನೊ ಬೆಳ್ಳಿ 200 ಡಿಗ್ರಿಗೆ ಕರಗುವುದಿಲ್ಲ

ಮಾನ್ಯ ಸಂಪಾದಕರೆ,

ಬೆಳ್ಳಿಯ ನ್ಯಾನೊ ಕಣಗಳು 200 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತವೆ, ಅದಕ್ಕೇ ಅವುಗಳ ಪೇಸ್ಟ್‌ನಿಂದ ಎಲೆಕ್ಟ್ರಾನಿಕ್ ಚಿಪ್ಪನ್ನು ಅದರ ತಳಕ್ಕೆ ಬೆಸೆದು ಕೂರಿಸಬಹುದು ಎಂಬ ಮಾತು ವಿಜ್ಞಾನ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಚಿಪ್ ಕೂರುವುದು ನಿಜ. ಕಾರಣ ಮಾತ್ರ ಅದಲ್ಲ.

ಕಣ ಚಿಕ್ಕದಾದಷ್ಟೂ ಹೊರಮೈಯಲ್ಲಿರುವ ಪರಮಾಣುಗಳ ಪಾಲು ಹೆಚ್ಚುತ್ತದೆ. ಅವುಗಳಿಗೆ ಅಕ್ಕಪಕ್ಕದ ಪರಮಾಣುಗಳ ಹಿಡಿತ ಕಡಿಮೆ, ಆದ್ದರಿಂದ ಕರಗುವ ಬಿಂದು ಇಳಿಯುತ್ತದೆ. ಇದನ್ನು ಜಪಾನಿನ ವಿಜ್ಞಾನಿ ತಕಾಗಿ 1954ರಲ್ಲಿ ಸೀಸ, ತವರ, ಬಿಸ್ಮತ್‌ಗಳ ತೆಳು ಪದರಗಳಲ್ಲಿ ಕಂಡರು. ಬುಫಾ ಮತ್ತು ಬೊರೆಲ್ ಎಂಬ ವಿಜ್ಞಾನಿಗಳು 1976ರಲ್ಲಿ ಚಿನ್ನದ ಕಣಗಳಲ್ಲಿ ಅಳೆದರು. ಇಳಿಕೆ ಎಷ್ಟು ಎಂಬುದೇ ಮುಖ್ಯ. ಅದು ವ್ಯಾಸಕ್ಕೆ ವಿಲೋಮ: ವ್ಯಾಸ ಅರ್ಧವಾದರೆ ಇಳಿಕೆ ಎರಡರಷ್ಟು. ಬೆಳ್ಳಿ ಗಟ್ಟಿ 962 ಡಿಗ್ರಿಗೆ ಕರಗುತ್ತದೆ. ಘನ-ದ್ರವ ಗಡಿಯ ಶಕ್ತಿಯನ್ನು ಚದರ ಮೀಟರಿಗೆ ಸುಮಾರು 0.2 ಜೌಲ್ ಎಂದು ಹಿಡಿದು ಕಣದ ಗಾತ್ರದಿಂದ ಈ ಇಳಿಕೆಯನ್ನು ಲೆಕ್ಕ ಹಾಕುವ ಗಿಬ್ಸ್-ಥಾಮ್ಸನ್ ಸೂತ್ರಕ್ಕೆ ಹಾಕಿದರೆ, 20 ನ್ಯಾನೊಮೀಟರ್ ಕಣಕ್ಕೆ ಇಳಿಕೆ ಬರೀ 45 ಡಿಗ್ರಿ, 5 ನ್ಯಾನೊಮೀಟರಿಗೆ 180. ಅಂದರೆ 5 ನ್ಯಾನೊಮೀಟರ್ ಕಣವೂ ಕರಗಲು ಸುಮಾರು 780 ಡಿಗ್ರಿ ಬೇಕು. ಅದಕ್ಕಿಂತ ತೀರಾ ಚಿಕ್ಕ ಕಣಗಳಿಗೆ ಈ ಸೂತ್ರವನ್ನು ನಂಬುವಂತಿಲ್ಲ.

200 ಡಿಗ್ರಿಯಲ್ಲಿ ನಡೆಯುವುದು ಸಿಂಟರಿಂಗ್, ಅಂದರೆ ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆದುಕೊಳ್ಳುವುದು. ಕಣಗಳ ಮೇಲಿನ ಸಾವಯವ ಲೇಪನ ಹೋದ ಮೇಲೆ ಹೊರಮೈ ಪರಮಾಣುಗಳು ಸರಿದಾಡಿ, ಕಣಕಣಗಳ ನಡುವೆ ಕುತ್ತಿಗೆಯಂಥ ಸೇತುವೆ ಬೆಳೆಯುತ್ತದೆ. ದ್ರವವಾಗುವ ಪ್ರಮೇಯವೇ ಇಲ್ಲ. ಅವಸರದಲ್ಲಿ ಕಾಯಿಸಿದರೆ ಲೇಪನದ ಅನಿಲ ಒಳಗೇ ಸಿಕ್ಕಿ ಟೊಳ್ಳು ಉಳಿಯುತ್ತದೆ, ಜೋಡಣೆ ದುರ್ಬಲವಾಗುತ್ತದೆ.

ಪ್ರಯೋಗಾಲಯದಲ್ಲಿ ಎಡವುವುದೂ ಇಲ್ಲೇ. ಡಿಎಸ್‌ಸಿ ಯಂತ್ರದಲ್ಲಿ (ಕಾಯಿಸುವಾಗ ವಸ್ತು ಹೀರುವ ಅಥವಾ ಬಿಡುವ ಶಾಖವನ್ನು ಅಳೆದು ನಕ್ಷೆ ಬರೆಯುವ ಉಪಕರಣ) 200-300 ಡಿಗ್ರಿ ನಡುವೆ ಕಾಣುವ ಶಿಖರವನ್ನು ಕರಗುವಿಕೆ ಎಂದು ಬರೆದುಬಿಡುತ್ತಾರೆ. ಮೊದಲು ಶಿಖರದ ದಿಕ್ಕು ನೋಡಬೇಕು: ಕರಗುವಾಗ ಶಾಖ ಹೀರಿಕೊಳ್ಳಬೇಕು, ಗಾಳಿಯಲ್ಲಿ ಲೇಪನ ಉರಿದರೆ ಶಾಖ ಹೊರಬರುತ್ತದೆ. ಅದೇ ತಾಪದಲ್ಲಿ ತೂಕ ಇಳಿಯಿತೇ ಎಂದು ಟಿಜಿಎಯಲ್ಲೂ (ಕಾಯಿಸುತ್ತಾ ತೂಕ ಅಳೆಯುವ ವಿಧಾನ) ನೋಡಿ; ಇಳಿದಿದ್ದರೆ ಅದು ಲೇಪನ ಹೋದದ್ದು, ಕರಗಿದ್ದಲ್ಲ. ಬಿಡಿ ಪುಡಿಯಾದರೆ ಕಣಗಳು ಕರಗುವ ಮೊದಲೇ ಒಂದಾಗಿ ದಪ್ಪವಾಗುತ್ತವೆ, ಶಿಖರ 962ರ ಹತ್ತಿರವೇ ಬರುತ್ತದೆ. ಕಣದ ನಿಜವಾದ ಕರಗುವ ಬಿಂದು ಬೇಕಾದರೆ ಕಣಗಳು ಒಂದನ್ನೊಂದು ಮುಟ್ಟದಂತೆ ಕಾರ್ಬನ್ ಪೊರೆಯ ಮೇಲೆ ಹರಡಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಯಿಸಬೇಕು, ಇಲ್ಲವೇ ಇನ್ನೊಂದು ಲೋಹದೊಳಗೆ ಹುದುಗಿಸಬೇಕು.

ಹುದುಗಿಸಿದಾಗ ಕತೆ ತಿರುಗಿ, ಕರಗುವ ಬಿಂದು ಏರಲೂಬಹುದು. ಅಲ್ಯೂಮಿನಿಯಂನೊಳಗಿನ ಇಂಡಿಯಂ ಎಂಬ ಲೋಹದ ಕಣಗಳನ್ನು, ಎರಡರ ಕರಗಿದ ಮಿಶ್ರಣವನ್ನು ಥಟ್ಟನೆ ತಣಿಸಿ ಪಡೆದರೆ ಅವು ಇಂಡಿಯಂನ ಸಹಜ ಬಿಂದುವಾದ 157 ಡಿಗ್ರಿಗಿಂತ ಮೇಲೆ ಕರಗುತ್ತವೆ. ಬಾಲ್ ಮಿಲ್‌ನಲ್ಲಿ (ಗುಂಡುಗಳಿಂದ ಅರೆಯುವ ಯಂತ್ರ) ಅರೆದು ಮಾಡಿದರೆ ಅದಕ್ಕಿಂತ ಕೆಳಗೆ. ಮೊದಲನೆಯದರಲ್ಲಿ ಎರಡೂ ಸ್ಫಟಿಕಗಳು ಗಡಿಯಲ್ಲಿ ಹೊಂದಿ ಕೂರುತ್ತವೆ, ಎರಡನೆಯದರಲ್ಲಿ ಇಲ್ಲ. ಸತುವಿನೊಳಗಿನ ಸೀಸ ತನ್ನ ಕರಗುವ ಬಿಂದುವನ್ನು ದಾಟಿಯೂ ಘನವಾಗಿಯೇ ಉಳಿಯುವುದನ್ನು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ 1990ರ ದಶಕದಲ್ಲಿ ಅಭ್ಯಸಿಸಿದ್ದಾರೆ.

ಆದ್ದರಿಂದ ನ್ಯಾನೊ ಕಣದ ಕರಗುವ ಬಿಂದು ಎಂದು ಅಂಕಿ ಕೊಡುವಾಗ ಕಣದ ವ್ಯಾಸ, ಅದರ ಸುತ್ತ ಏನಿತ್ತು, ಯಾವ ವಿಧಾನದಲ್ಲಿ ಅಳೆದರು ಎಂಬುದನ್ನೂ ದಯವಿಟ್ಟು ಅಚ್ಚು ಮಾಡಿ.

– ಲೋಹಶಾಸ್ತ್ರದ ಅಧ್ಯಾಪಕ, ಬೆಂಗಳೂರು